ಟ್ರಂಕಿನ ಸೀರೆಗಳೂ ಅಮೆರಿಕದ ಬೀಗವೂ

ಪುಗಸಟ್ಟೆ ಸಿಗುವ ವಸ್ತು ಮೊದಲ ದಿನ ಉಪಕಾರ. ಒಂದು ತಿಂಗಳು ಕಳೆಯಿತೆಂದರೆ ಅದು ನಮ್ಮ ಹಕ್ಕು. ನಾನು ತರಕಾರಿ ಕೊಳ್ಳುವ ಸಿದ್ದಮ್ಮ ಕೋಟೆ ಪಟ್ಟಣದ ಸಂತೆಯಲ್ಲಿ ವರ್ಷಗಟ್ಟಲೆ ಚೀಲದ ಮೇಲೊಂದು ಹಿಡಿ ಕರಿಬೇವು ಸುಮ್ಮನೆ ಹಾಕಿ ಕೊಡುತ್ತಿದ್ದಳು. ಒಂದು ದಿನ ಅದಕ್ಕೂ ಕಾಸು ಕೇಳಿದಳು. "ಇಷ್ಟು ದಿನ ಸುಮ್ನೆ ಕೊಡ್ತಿದ್ದೆಯಲ್ಲೇ" ಅಂದೆ. "ಅದ್ಕೇ ಕಣವ್ವ ಈಗ ಕೇಳ್ತಾ ಇರೋದು. ರುಚಿ ಗೊತ್ತಾಯ್ತಲ್ಲ ನಿಮ್ಗೆ" ಅಂದಳು. ನಾನು ಒಂದು ವಾರ ಕರಿಬೇವಿಲ್ಲದ ಒಗ್ಗರಣೆ ಹಾಕಿ ಪ್ರತಿಭಟಿಸಿದೆ. ಶಿಕ್ಷೆ ಅನುಭವಿಸಿದವರು ಮಾತ್ರ ನಮ್ಮ ಯಜಮಾನರು. ಸಿದ್ದಮ್ಮನ ಈ ವ್ಯಾಪಾರದ ಗುಟ್ಟು ಸಮುದ್ರದಾಚೆಯ ಕಂಪ್ಯೂಟರಿನವರಿಗೂ ತಿಳಿದಿದೆ ಎಂಬುದು ನನಗೆ ಗೊತ್ತಾದದ್ದು ಒಂದು ಗೌರಿ ಹಬ್ಬದ ಹಿಂದಿನ ದಿನ. ಗೊತ್ತಾದ ರೀತಿ ಹೇಳಬೇಕಾದರೆ ನನ್ನ ಟ್ರಂಕಿನ ಮರ್ಯಾದೆ ತೆಗೆಯಬೇಕಾಗುತ್ತದೆ. ಇರಲಿ.

ನಮ್ಮ ಕಡೆ ಹೆಂಗಸರಿಗೆ ಬರುವ ಸೀರೆಗಳಲ್ಲಿ ಎರಡು ಜಾತಿ. ಉಡುವ ಸೀರೆ, ಕೊಡುವ ಸೀರೆ. ಮದುವೆ, ಗೃಹಪ್ರವೇಶ, ನಾಮಕರಣಗಳಲ್ಲಿ ಕುಂಕುಮದ ಜೊತೆ ಮಡಿಲಿಗೆ ಬೀಳುವ ಈ ಎರಡನೆಯ ಜಾತಿಯವು ಮಡಿಕೆ ಬಿಚ್ಚದೆ ಟ್ರಂಕು ಸೇರಿ, ಮುಂದಿನ ಸಮಾರಂಭಕ್ಕೆ ಇನ್ನೊಬ್ಬರ ಮಡಿಲು ಸೇರುತ್ತವೆ. ಹುಣಸೂರಿನಲ್ಲಿ ಹೊರಟ ಸೀರೆ ಕೆ.ಆರ್. ನಗರ ನೋಡಿಕೊಂಡು ಹಂಪಾಪುರಕ್ಕೆ ಬಂದದ್ದುಂಟು. ಅಷ್ಟು ಊರು ನಾನೇ ಸುತ್ತಿಲ್ಲ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಒಂದೇ ಒಂದು ನಿಯಮ: ಕೊಟ್ಟವರ ಮಡಿಲಿಗೇ ಅದು ವಾಪಸು ಹೋಗಬಾರದು.

ಆ ನಿಯಮ ಪಾಲಿಸಲೆಂದೇ ನಾನು ಪ್ರತಿ ಸೀರೆಗೂ ಗುಂಡುಪಿನ್ನಿನಿಂದ ಚೀಟಿ ಚುಚ್ಚಿಡುತ್ತಿದ್ದೆ. ನಮ್ಮ ಗೃಹಪ್ರವೇಶದ ಗಡಿಬಿಡಿಯಲ್ಲಿ ಪಿರಿಯಾಪಟ್ಟಣದ ಅತ್ತಿಗೆಗೆ, ಅಂದರೆ ಯಜಮಾನರ ಒಬ್ಬಳೇ ಅಕ್ಕನಿಗೆ, ಒಂದು ಸೀರೆ ಎತ್ತಿ ಕೊಟ್ಟೆ. ಅವರು ಊರಿಗೆ ಹೋಗಿ ಮಡಿಕೆ ಬಿಚ್ಚಿದರು. ಒಳಗೆ ನನ್ನ ದುಂಡು ಅಕ್ಷರದ ಚೀಟಿ: "ಪಿರಿಯಾಪಟ್ಟಣದ ಅತ್ತಿಗೆ ಕೊಟ್ಟದ್ದು. ಬಣ್ಣ ಬಿಡಬಹುದು. ಯಾರಿಗಾದರೂ ಸಾಗಿಸುವುದು." ಸಂಜೆ ಫೋನು ಬಂತು. "ಜಯಾ, ಸಾಗ್ಸಿದ್ದು ಬಂದು ತಲುಪ್ತು ಕಣವ್ವ" ಅಂದು ಇಟ್ಟುಬಿಟ್ಟರು. ಆಮೇಲೆ ಎರಡು ಗೌರಿ ಹಬ್ಬಕ್ಕೂ ಅವರು ತವರಿಗೆ ಬರಲಿಲ್ಲ. ಯಜಮಾನರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹಬ್ಬದ ದಿನ ಬಸ್ ಸ್ಟ್ಯಾಂಡಿನ ಕಡೆ ಸುಮ್ಮನೆ ಒಂದು ಸುತ್ತು ಹೋಗಿ ಬಂದು ಊಟಕ್ಕೆ ಕೂರುತ್ತಿದ್ದರು. ಅಂದಿದ್ದರೇ ವಾಸಿಯಿತ್ತು.

ಚೀಟಿಯ ಸಹವಾಸ ಸಾಕೆನಿಸಿತ್ತು. ಅದೇ ಸಮಯಕ್ಕೆ ನಮ್ಮಂಥ ಪ್ರೈಮರಿ ಶಾಲೆಯ ಟೀಚರುಗಳಿಗೆ ಕಂಪ್ಯೂಟರ್ ತರಬೇತಿ ಕೊಟ್ಟರು. ಅಲ್ಲಿ ಯಾರೋ ಒಂದು ವೆಬ್‌ಸೈಟ್ ತೋರಿಸಿದರು: ದಿನಚರಿ ಬರೆಯಬಹುದು, ಎಷ್ಟು ಬೇಕಾದರೂ, ಪೂರ್ತಿ ಉಚಿತ, ಎಂದೆಂದಿಗೂ. ಪುಟ್ಟರಾಜಣ್ಣನವರ ಟೈಪಿಂಗ್ ಇನ್‌ಸ್ಟಿಟ್ಯೂಟು ಆಗಷ್ಟೇ ಬ್ರೌಸಿಂಗ್ ಸೆಂಟರೂ ಆಗಿತ್ತು. ಶನಿವಾರ ಶನಿವಾರ ಅಲ್ಲಿ ಕೂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ, ಮೊದಲು ಟ್ರಂಕಿನಲ್ಲಿದ್ದ ಸೀರೆಗಳನ್ನೆಲ್ಲ ಕೊಟ್ಟವರ ಹೆಸರಿನೊಂದಿಗೆ ಇಳಿಸಿ, ಹಳೆಯ ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದೆ. ಆಮೇಲೆ ಬಂದದ್ದನ್ನೂ ಹೋದದ್ದನ್ನೂ ಬರೆಯುತ್ತ ಹೋದೆ. ಅಮೆರಿಕದಲ್ಲಿರುವ ಚೀಟಿ ಸೀರೆಯ ಮಡಿಕೆಯೊಳಗೆ ಬಸ್ ಹತ್ತಲಾರದು ಎಂಬ ನೆಮ್ಮದಿ ನನಗೆ.

ಮೂರನೆಯ ವರ್ಷ ಹಬ್ಬದ ಹಿಂದಿನ ಮಧ್ಯಾಹ್ನ ಅತ್ತಿಗೆಯ ಫೋನು. "ನಾಳೆ ಮೊದ್ಲೆ ಬಸ್ಗೆ ಬತ್ತೀನಿ ಕಣವ್ವ. ಎಷ್ಟು ದಿವ್ಸ ಅಂತ ಮುನಿಸ್ಕೊಂಡಿರೋದು." ಯಜಮಾನರು ಬೀಚನಹಳ್ಳಿ ಡ್ಯಾಮಿನ ಆಫೀಸಿನಿಂದ ಬಂದವರು ಸುದ್ದಿ ಕೇಳಿ ಶರ್ಟನ್ನೂ ಬದಲಿಸದೆ ಮೊರ, ಬಳೆ, ತೆಂಗಿನಕಾಯಿ ತರಲು ಓಡಿದರು. ಅವರು ಓಡಿದ್ದನ್ನು ನಾನು ಮದುವೆಯಾದಮೇಲೆ ನೋಡಿರಲಿಲ್ಲ. ನಾನು ಬಟ್ಟೆ ಅಂಗಡಿಗೆ ಹೋದೆ. ಹಬ್ಬದ ಸೀರೆಗಳೆಲ್ಲ ಖರ್ಚಾಗಿ, ಉಳಿದಿದ್ದವು ನರ್ಸುಗಳ ಬಿಳಿ ಸೀರೆ ಮಾತ್ರ. ಟ್ರಂಕೇ ಗತಿ. ತೆಗೆದರೆ ಆರು ಸೀರೆ. ಅದರಲ್ಲಿ ಎರಡು ಅತ್ತಿಗೆಯವೇ, ಅದು ಗ್ಯಾರಂಟಿ. ಯಾವ ಎರಡು? ಪುಟ್ಟರಾಜಣ್ಣನವರಲ್ಲಿಗೆ ಹೋದೆ.

ವೆಬ್‌ಸೈಟ್ ತೆರೆದರೆ ಹಳೆಯ ಪುಟಗಳ ಮೇಲೆಲ್ಲ ಪುಟ್ಟ ಹಳದಿ ಬೀಗದ ಚಿತ್ರ. ಪುಟ್ಟರಾಜಣ್ಣ ಕನ್ನಡಕ ಏರಿಸಿ ಓದಿದರು. "ಕಾನೂನು ಬದ್ಲಾಯ್ಸವ್ರೆ ಮೇಡಂ. ಬರ್ಯೋದು ಫ್ರೀ. ಹಿಂದಿಂದು ಓದ್ಬೇಕು ಅಂದ್ರೆ ದುಡ್ಡು."

"ನಾನು ಬರೆದದ್ದನ್ನ ನಾನು ಓದೋಕೆ?"

"ಊಂ ಕಣ್ರೀ. ನಮ್ಮ ದನ ಅವ್ರ ದೊಡ್ಡೀಲದೆ, ಏನ್ ಮಾಡಕಾಯ್ತದೆ? ಡಾಲರ್ ಕೇಳ್ತಾವ್ರೆ. ಕ್ರೆಡಿಟ್ ಕಾರ್ಡ್ ಬೇಕು."

"ಮನಿಯಾರ್ಡರ್ ಆಗಲ್ವಾ?"

"ಅಮೆರಿಕಕ್ಕಾ? ನಮ್ ಪೋಸ್ಟ್ ಮಾಸ್ಟ್ರು ಹುಣ್ಸೂರಿಗೇ ಎರಡ್ ಸಲ ಯೋಚ್ನೆ ಮಾಡ್ತಾರೆ, ಬುಡಿ."

ಆದರೂ ಆ ವೆಬ್‌ಸೈಟಿನವರು ಪೂರ್ತಿ ನಿರ್ದಯಿಗಳಲ್ಲ. ಪ್ರತಿ ಪುಟದ ಮೊದಲ ಸಾಲನ್ನು ಮಾತ್ರ ಆಸೆ ಹುಟ್ಟಿಸಲು ಬಿಟ್ಟಿದ್ದರು, ಕೆಳಗಿನದೆಲ್ಲ ಮಂಜು. ನನಗೋ ಏನೇ ಬರೆಯಲಿ, ಬೆಳಗಿನ ತಿಂಡಿಯಿಂದ ಶುರುಮಾಡುವ ಅಭ್ಯಾಸ. "ಇವತ್ತು ಉಪ್ಪಿಟ್ಟು." "ಇವತ್ತು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ." "ಇವತ್ತು ಮತ್ತೆ ಉಪ್ಪಿಟ್ಟು." ಎರಡು ವರ್ಷದ ತಿಂಡಿ ಕಣ್ಣ ಮುಂದೆ ಸಾಲಾಗಿ ಹೋಯಿತು. ಸೀರೆಗಳೆಲ್ಲ ಅದರಡಿಯಲ್ಲಿ ಹೂತುಹೋಗಿದ್ದವು. "ವಾರಕ್ ನಾಕು ದಿನ ಉಪ್ಪಿಟ್ಟಾ ಮೇಡಂ? ಸಾರ್ ಪಾಪ" ಅಂದರು ಪುಟ್ಟರಾಜಣ್ಣ.

ಮನೆಗೆ ಬಂದು ಆರು ಸೀರೆಯನ್ನೂ ಚಾಪೆಯ ಮೇಲೆ ಹರಡಿ ಕೂತೆ. ಯಜಮಾನರನ್ನು ಕೇಳಿದರೆ "ಎಲ್ಲಾ ಸೀರೆ ತರಾನೇ ಅವೆ ಕಣೇ" ಅಂದರು. ಕೊನೆಗೆ ಮಾವಿನಕಾಯಿ ಅಂಚಿನ ನೀಲಿ ಸೀರೆ ಆರಿಸಿದೆ. ಅತ್ತಿಗೆ ನೀಲಿ ಉಟ್ಟದ್ದನ್ನು ನಾನು ನೋಡಿರಲಿಲ್ಲ. ಆದ್ದರಿಂದ ನೀಲಿ ಕೊಂಡಿರಲಾರರು ಎಂಬ ತರ್ಕ. ಇಷ್ಟವಿಲ್ಲದ ಬಣ್ಣವನ್ನೇ ಜನ ಇನ್ನೊಬ್ಬರಿಗೆ ಸಾಗಿಸುತ್ತಾರೆ ಎಂಬ ಎದುರು ತರ್ಕ ಹೊಳೆಯುವ ಹೊತ್ತಿಗೆ ಬೆಳಗಾಗಿ ಅತ್ತಿಗೆ ಗೇಟಿನಲ್ಲಿದ್ದರು.

ಪೂಜೆಯಾಯಿತು. ಬಾಗಿನದ ಜೊತೆ ಸೀರೆ ಕೊಟ್ಟು ಕಾಲಿಗೆ ಬಿದ್ದೆ. ಏಳುವಾಗ ನೋಡಿದರೆ ಅತ್ತಿಗೆ ಅಂಚನ್ನು ಬೆರಳಲ್ಲಿ ಸವರುತ್ತಿದ್ದಾರೆ. ಒಂದು ಸಲ, ಎರಡು ಸಲ. "ಚೆನ್ನಾಗದೆ ಕಣವ್ವ" ಅಂದರು ಅತ್ತಿಗೆ. ಆಮೇಲೆ ತಮ್ಮ ಚೀಲಕ್ಕೆ ಕೈಹಾಕಿ, "ನಾನೂ ಬರಿಗೈಲಿ ಬಂದಿಲ್ಲ" ಅಂತ ಹಳದಿ ಮೈಯ, ಹಸಿರು ಅಂಚಿನ ಒಂದು ಸೀರೆ ನನ್ನ ಮಡಿಲಿಗೆ ಹಾಕಿದರು.

ಅದು ನನ್ನದೇ. ಅವರ ಮಗಳ ಮದುವೆಯಲ್ಲಿ ನಾನು ಕೊಟ್ಟದ್ದು. ಮೂಲೆಯಲ್ಲಿ ಒಂದು ಎಳೆ ಕಿತ್ತಿದ್ದನ್ನು ಮಡಿಕೆ ತಿರುಗಿಸಿ ಮರೆಮಾಡಿದ್ದು ನಾನೇ. ಎಲ್ಲಾ ಸೀರೆಯೂ ಒಂದೇ ತರ ಕಾಣುವ ನಮ್ಮ ಯಜಮಾನರಿಗೆ ಅವತ್ತೇ ದಿವ್ಯದೃಷ್ಟಿ ಬರಬೇಕೆ? "ಇದು ನಾವು..." ಅಂತ ಬಾಯಿ ತೆರೆದರು. ಪ್ರಸಾದದ ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ಅವರ ಬಾಯಿಗೇ ಇಟ್ಟೆ. ಮದುವೆಯ ದಿನದ ನಂತರ ಅದೇ ಮೊದಲು. ಅತ್ತಿಗೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು, "ಬಣ್ಣ ಎಷ್ಟು ಚೆನ್ನಾಗಿದೆ ಅತ್ತಿಗೆ" ಅಂದೆ.

ಮುಂದಿನ ವರ್ಷವೂ ಅತ್ತಿಗೆ ಬಂದರು, ಈಗಲೂ ಬರುತ್ತಾರೆ. ಯಜಮಾನರು ಬಸ್ ಬರುವ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುತ್ತಾರೆ. ಆದರೆ ಆ ನೀಲಿ ಸೀರೆ ಯಾರದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆ ಅಂಚು ಸವರಿ ಚೆನ್ನಾಗದೆ ಅಂದರಲ್ಲ, ಹಳದಿ ಸೀರೆಯ ಬಣ್ಣ ಚೆನ್ನಾಗಿದೆ ಅಂತ ನಾನು ಅಂದದ್ದೂ ಹೆಚ್ಚುಕಡಿಮೆ ಹಾಗೇ ಇತ್ತು. ಈಚೆಗೆ ನಮ್ಮ ಮನೆಗೂ ಬ್ಯಾಂಕಿನವರು ಆ ಕಾರ್ಡು ಕೊಟ್ಟಿದ್ದಾರೆ. "ಬೀಗ ತೆಗ್ಸೋದಾ ಮೇಡಂ?" ಎಂದು ಪುಟ್ಟರಾಜಣ್ಣ ಆಗಾಗ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಇಂಥ ಕಂಪನಿಗಳನ್ನು ನಂಬುವ ಹಾಗಿಲ್ಲ. ನಾಳೆ ಮನಸ್ಸು ಬದಲಾಯಿಸಿ ಎಲ್ಲವನ್ನೂ ಮತ್ತೆ ಪುಗಸಟ್ಟೆ ತೆರೆದಿಟ್ಟರೂ ಇಟ್ಟಾರು. ಹಾಗೇನಾದರೂ ಆಗುವುದಾದರೆ, ಬೀಗ ಹಾಗೇ ಇರಲಿ ಎಂದು ಕೇಳಿಕೊಳ್ಳಲು ಎಷ್ಟು ಡಾಲರ್ ಕೊಡಬೇಕೋ ವಿಚಾರಿಸಿಡಬೇಕು.