ಅಕ್ಕನ ತಗಡಿನ ಕೋಳಿ

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಅದರಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಹಲ್ಲುಚಕ್ರಗಳ ಪಾಠ ಬರುತ್ತಿತ್ತು. ಕರಿಹಲಗೆಯ ಮೇಲೆ ಒಂದು ದೊಡ್ಡ ಚಕ್ರ, ಅದರ ಪಕ್ಕಕ್ಕೆ ಒಂದು ಸಣ್ಣ ಚಕ್ರ ಬರೆದು, ಬಾಣದ ಗುರುತು ಹಾಕಿ, ದೊಡ್ಡದು ಈ ಕಡೆ ತಿರುಗಿದರೆ ಸಣ್ಣದು ಆ ಕಡೆ ತಿರುಗುತ್ತದೆ ಎಂದು ಹೇಳಿ, ಕೈಗಂಟಿದ ಸೀಮೆಸುಣ್ಣ ಜಾಡಿಸಿಕೊಂಡು ಹೊರಗೆ ಬರುತ್ತಿದ್ದೆ. ನಾನು ಬರೆದ ಚಕ್ರಗಳು ಒಂದು ದಿನವೂ ತಿರುಗಲಿಲ್ಲ. ತಿರುಗಲಿ ಎಂದು ಯಾರೂ ಅಪೇಕ್ಷೆ ಪಡಲೂ ಇಲ್ಲ. ಇಷ್ಟು ವಿದ್ಯೆಯ ಬಲದ ಮೇಲೆ, ನಿವೃತ್ತನಾದ ವರ್ಷವೇ, ನಮ್ಮ ಅಕ್ಕನಿಗೆ ಫೋನಿನಲ್ಲಿ ಒಂದು ಸುಳ್ಳು ಹೇಳಿದೆ. ಅವಳ ಹಳೆಯ ಆಟಿಕೆಯೊಂದನ್ನು ರಿಪೇರಿ ಮಾಡಿದ್ದೇನೆ ಎಂದೆ. ಹೇಳಲು ಅರೆಗಳಿಗೆ ಸಾಕಾಯಿತು. ಅದನ್ನು ನಿಜ ಮಾಡಲು ಒಂಬತ್ತು ದಿನ ಹಿಡಿಯಿತು.

ಆ ಆಟಿಕೆ ಒಂದು ತಗಡಿನ ಕೋಳಿ. ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಕೆಂಪು ಜುಟ್ಟು, ಹಳದಿ ರೆಕ್ಕೆ, ಹೊಟ್ಟೆಯ ಬದಿಯಲ್ಲಿ ಒಂದು ಕೀಲಿ. ಕೀಲಿ ತಿರುವಿ ನೆಲಕ್ಕೆ ಬಿಟ್ಟರೆ ಟಕಟಕ ಎಂದು ಕಾಳು ಕುಕ್ಕುತ್ತ ಮುಂದೆ ಹೋಗುತ್ತಿತ್ತು. ನಮ್ಮಪ್ಪ ಅಕ್ಕನಿಗಾಗಿ ಹುಬ್ಬಳ್ಳಿಯಿಂದ ಅದನ್ನು ಕುಂದಗೋಳಕ್ಕೆ ತಂದ ದಿನ ಮನೆಯಲ್ಲಿ ದೊಡ್ಡ ಗದ್ದಲವಾಯಿತಂತೆ. ನಮ್ಮದು ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆ. ಅಂಥ ಮನೆಯೊಳಗೆ ಕೋಳಿ! ನಮ್ಮಜ್ಜಿ ಎರಡು ದಿನ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಮೂರನೆಯ ದಿನ ಅಕ್ಕ ಊಟ ಬಿಟ್ಟಳು. ಆಗ ಅಜ್ಜಿ ಕೋಳಿಯನ್ನು ಕೈಗೆತ್ತಿಕೊಂಡು, ಅದಕ್ಕೆ ಹಣೆ ಎಲ್ಲಿದೆ ಎಂದು ತುಸು ಹೊತ್ತು ಹುಡುಕಿ, ಮೂರು ಬೆರಳಿನ ವಿಭೂತಿ ಹಚ್ಚಿ, “ಇನ್ನ ಇದು ನಮ್ಮನ್ಯಾಕಿ, ಒಳಗ ಬರ್ಲಿ” ಎಂದು ಅಪ್ಪಣೆ ಕೊಟ್ಟಳು. ಹೀಗೆ ದೀಕ್ಷೆ ಪಡೆದು ಒಳಬಂದ ಕೋಳಿ ಅದು.

ಅದರ ಗತಿ ಕಾಣಿಸಿದವನು ನಾನು. ನನಗಾಗ ಏಳು ವರ್ಷ, ಅಕ್ಕನಿಗೆ ಹನ್ನೆರಡು. ಪಾಪ, ಇಷ್ಟು ದಿನದಿಂದ ಕುಕ್ಕುತ್ತಿದೆ, ಒಂದು ಕಾಳೂ ಇದರ ಹೊಟ್ಟೆಗೆ ಹೋಗಿಲ್ಲವಲ್ಲ ಎಂದು ನನಗೆ ಬಹಳ ಮರುಕವಾಯಿತು. ಕೊಕ್ಕಿನ ಕೆಳಗೆ ಒಂದು ಸೀಳು ಇತ್ತು. ಅದರೊಳಗೆ ಒಂದೊಂದಾಗಿ ಒಂದು ಹಿಡಿ ಜೋಳ ತುಂಬಿದೆ. ಕೋಳಿ ಕಿರ್ ಎಂದು ಒಮ್ಮೆ ತಲೆ ಎತ್ತಿತು, ಮತ್ತೆ ಇಳಿಸಲೇ ಇಲ್ಲ. ಗೋಡೆಯ ಮೇಲಿನ ನಾಗಂದಿಗೆಗೆ ಏರಿದ್ದು ಹಾಗೆಯೇ ಉಳಿಯಿತು. ಅಂದಿನಿಂದ ಅಕ್ಕ ನನ್ನನ್ನು ಹೊಸಬರಿಗೆ ಪರಿಚಯಿಸುವುದು ಒಂದೇ ರೀತಿ. “ಇಂವ ನನ್ನ ತಮ್ಮ ಈರಣ್ಣ, ಸಾಲಿ ಮಾಸ್ತರ. ನನ್ನ ಕೋಳಿ ಕೊಂದಾಂವ ಇವನ.” ಮದುವೆ ಮನೆಗಳಲ್ಲಿ ಎಷ್ಟು ಮಂದಿ ಹಿರಿಯರು ಇದನ್ನು ಕೇಳಿ ನನ್ನ ಹಣೆಯ ವಿಭೂತಿಯನ್ನೂ ಮುಖವನ್ನೂ ಹೊರಳಿ ಹೊರಳಿ ನೋಡಿದ್ದಾರೋ ಲೆಕ್ಕವಿಲ್ಲ. ತಗಡಿನದು ಎಂದು ನಾನು ವಿವರಿಸುವಷ್ಟರಲ್ಲಿ ಅವರು ಎದ್ದು ಬೇರೆ ಸಾಲಿನಲ್ಲಿ ಕೂತಿರುತ್ತಿದ್ದರು.

ಅಕ್ಕನನ್ನು ಅಣ್ಣಿಗೇರಿಗೆ ಕೊಟ್ಟಿದೆ. ಮದುವೆಯಾದಾಗಿನಿಂದ ಒಂದು ನಾಗರಪಂಚಮಿಗೂ ಅವಳು ತವರಿಗೆ ಬರುವುದನ್ನು ತಪ್ಪಿಸಿದವಳಲ್ಲ. ಈ ವರ್ಷ ಹಬ್ಬ ಹತ್ತಿರ ಬಂದಾಗ ಅವಳೇ ಫೋನು ಮಾಡಿದಳು.

“ಈರ್ಯಾ, ಈ ಸಲ ಕರಿಲಿಕ್ಕೆ ಬರಬ್ಯಾಡೊ. ಮಣಕಾಲ ಮಾತ ಕೇಳವಲ್ಲವು. ಬಸ್ಸಿನ ಮೆಟ್ಟಲಾ ಏರೂದಾಗೂದಿಲ್ಲ.”

“ಕಾರ ಮಾಡಿಕೊಂಡ ಬರ್ತೀನಿ ತಗೊ.”

“ಕಾರಿನ್ಯಾಗ ನನಗ ವಾಂತಿ ಬರ್ತದ. ಒಂದ ಡಬ್ಬಿ ಉಂಡಿ ಕಳಸು, ಸಾಕು.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ವರ್ಷ ಬಿಟ್ಟವಳು ಮುಂದಿನ ವರ್ಷವೂ ಬಿಡುತ್ತಾಳೆ, ಆಮೇಲೆ ಬಿಟ್ಟದ್ದೇ ರೂಢಿಯಾಗುತ್ತದೆ. ಅಕ್ಕ ಬಾರದ ಪಂಚಮಿಯನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿಲ್ಲ. ಏನು ಹೇಳಿದರೆ ಬಂದಾಳು ಎಂದು ಯೋಚಿಸುವ ಮೊದಲೇ ಬಾಯಿ ತನ್ನ ಕೆಲಸ ಮಾಡಿ ಮುಗಿಸಿತ್ತು.

“ಅಕ್ಕಾ, ನಿನ್ನ ಕೋಳಿ ರಿಪೇರಿ ಆಗೇದ.”

“ಯಾರ ಮಾಡಿದ್ರು?”

“ನಾನ.”

“ಸುಳ್ಳ ಬೊಗಳಬ್ಯಾಡ.”

“ನಿನ್ನಾಣಿ.”

“ಕುಕ್ಕತದ?”

“ಟಕಾಟಕ್ ಕುಕ್ಕತದ.”

“ಯಾವಾಗ ಬರ್ತಿ ಕರಿಲಿಕ್ಕೆ?”

ಫೋನು ಇಟ್ಟವನೇ ನಾಗಂದಿಗೆಗೆ ಏಣಿ ಹಚ್ಚಿದೆ. ನಮ್ಮಾಕೆಯ ಹೊಲಿಗೆ ಮಶೀನಿನ ಡ್ರಾವರಿನಿಂದ ಒಂದು ಸಣ್ಣ ಸ್ಕ್ರೂಡ್ರೈವರ್, ಮುಳ್ಳು ಕೀಳುವ ಚಿಮಟ, ಒಂದು ದಬ್ಬಣ, ಕೂದಲುದುರಿದ ಹಲ್ಲುಜ್ಜುವ ಬ್ರಷ್ ಇಷ್ಟನ್ನು ಕಲೆಹಾಕಿ ಪಡಸಾಲೆಯ ಬೆಳಕಿನಲ್ಲಿ ಕೂತೆ. ಕೋಳಿಯ ಎರಡು ಹೋಳುಗಳನ್ನು ತಗಡಿನ ಸಣ್ಣ ನಾಲಿಗೆಗಳು ಮಡಚಿ ಹಿಡಿದಿದ್ದವು. ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದನ್ನೇ ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ಪ್ರತಿ ನಾಲಿಗೆಯ ಬುಡದಲ್ಲೂ ಒಂದು ಹಳೆಯ ಗೆರೆ ಇತ್ತು, ಹಿಂದೆ ಯಾರೋ ಒಮ್ಮೆ ಬಿಡಿಸಿ ಮತ್ತೆ ಮಡಚಿದ ಹಾಗೆ. ಅದನ್ನು ಕಂಡೆ, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೋಳಿ ಎರಡಾಗಿ ತೆರೆದುಕೊಂಡಿತು. ಮೊದಲು ಉದುರಿದ್ದು ನನ್ನ ಜೋಳ. ಹುಳು ತಿಂದು ಬರೀ ಸಿಪ್ಪೆ ಉಳಿದಿತ್ತು. ಒಂದು ಕಾಳು ಮಾತ್ರ ಎರಡು ಚಕ್ರಗಳ ನಡುವೆ ಇಷ್ಟು ವರ್ಷ ಬಿಗಿಯಾಗಿ ಕೂತಿತ್ತು. ಅದನ್ನು ದಬ್ಬಣದಿಂದ ಮೀಟಿ ತೆಗೆದು, ಕೋಳಿಯ ಹೊಟ್ಟೆಯನ್ನು ಕಣ್ಣಿನ ಹತ್ತಿರ ಒಯ್ದು ನೋಡಿದವನು ಹಾಗೇ ಕೂತುಬಿಟ್ಟೆ.

ಅದರೊಳಗೆ ಒಂದು ಸಂಸಾರವೇ ಇತ್ತು. ಸುರುಳಿ ಸುತ್ತಿದ ಸ್ಪ್ರಿಂಗು ದೊಡ್ಡ ಚಕ್ರವನ್ನು ನೂಕಬೇಕು, ಅದು ನಡುವಿನದನ್ನು, ನಡುವಿನದು ಕಿರಿಯದನ್ನು. ಕಿರಿಯದರ ತುದಿಗೆ ಒಂದು ಡೊಂಕು ಕಡ್ಡಿ. ಆ ಡೊಂಕೇ ಕೋಳಿಯ ತಲೆಯನ್ನು ಎತ್ತಿ ಇಳಿಸುವುದು. ಇಷ್ಟೆಲ್ಲ ಒಂದು ನೆಲ್ಲಿಕಾಯಿಯಷ್ಟು ಜಾಗದಲ್ಲಿ. ಯಾವ ದೇಶದಲ್ಲಿ ಯಾರು ಕೂತು ಮಾಡಿದರೋ, ಯಾವ ಮಗುವೂ ನೋಡದ ಜಾಗದಲ್ಲಿ ಇಷ್ಟು ಅಚ್ಚುಕಟ್ಟು ಯಾಕೆ ಬೇಕಾಗಿತ್ತೋ! ಒಂದು ಸಲವಾದರೂ ಇಂಥದ್ದನ್ನು ಬಿಚ್ಚಿ ನನ್ನ ಶಾಲೆಯ ಮಕ್ಕಳಿಗೆ ತೋರಿಸಲಿಲ್ಲವಲ್ಲ, ಎಲ್ಲರಿಗೂ ಸುಣ್ಣದ ಚಕ್ರ ತೋರಿಸಿಯೇ ಪಗಾರ ಎಣಿಸಿದೆನಲ್ಲ ಎಂದು ನಾಚಿಕೆಯಾಯಿತು.

ಬ್ರಷ್ಷಿನಿಂದ ಧೂಳು ತೆಗೆದು, ಅಡುಗೆಮನೆಗೆ ಹೋಗಿ ಒಂದು ಚಮಚ ಎಣ್ಣೆ ತಂದು ಉದಾರವಾಗಿ ಸುರಿದೆ. ನಮ್ಮ ಕಡೆ ಎಣ್ಣೆ ಎಂದರೆ ಕುಸುಬಿ ಎಣ್ಣೆ. ಒಗ್ಗರಣೆಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಕೀಲಿ ತಿರುವಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೋಳಿ ಮೈ ಕೊಡವಿ ತಲೆ ಇಳಿಸಿತು, ಎತ್ತಿತು, ಮತ್ತೆ ಇಳಿಸಿತು. ಟಕ್, ಟಕ್, ಟಕ್. “ಏ, ಬಾ ಇಲ್ಲೆ! ಕೋಳಿ ಎದ್ದದ!” ಎಂದು ನಾನು ಕೂಗಿದ ಕೂಗಿಗೆ ನಮ್ಮಾಕೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇಬ್ಬರೂ ನೆಲದ ಮೇಲೆ ಕೂತು, ಸ್ಪ್ರಿಂಗು ತೀರುವವರೆಗೂ ನೋಡಿದೆವು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಯಾರೂ ಬೈಯಲಿಲ್ಲ.

ಆಮೇಲೆ ಐದು ದಿನ ನಾನು ದೊಡ್ಡ ಯಂತ್ರತಜ್ಞನಾಗಿ ಓಡಾಡಿದೆ. ಆರನೆಯ ದಿನ, ಒಮ್ಮೆ ನೋಡೋಣವೆಂದು ಕೀಲಿಗೆ ಕೈ ಹಾಕಿದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮತ್ತೆ ಬಿಚ್ಚಿದೆ. ಚಕ್ರಗಳೆಲ್ಲ ಹಳದಿ ಮೇಣದಲ್ಲಿ ಹೂತುಹೋಗಿದ್ದವು. ನಮ್ಮಾಕೆ ಬಗ್ಗಿ ನೋಡಿದಳು, ಮೂಸಿದಳು.

“ಕುಸುಬಿ ಎಣ್ಣಿ ಹಾಕಿದಿರೇನ್ರಿ?”

“ಮತ್ತ ಏನ ಹಾಕಬೇಕಾಗಿತ್ತು?”

“ಎಣ್ಣಿ ಡಬ್ಬಿ ಬಾಯಿ ನೋಡಿಲ್ಲೇನ ಒಮ್ಮೆರ? ತೆಳ್ಳಗ ಹತ್ತಿದ್ದ ಕುಸುಬಿ ಎಣ್ಣಿ ನಾಕ ದಿನಕ್ಕ ಅಂಟಾಗಿ ಕುಂದರತದ. ಉಗುರಲೆ ಕೆರದ್ರೂ ಬರೂದಿಲ್ಲ. ಸ್ಕ್ರೂಡ್ರೈವರ ತಗೊಂಡ ಡ್ರಾವರಿನಾಗ ಮಶೀನ ಎಣ್ಣಿ ಶೀಸೆ ಇತ್ತಲ್ರಿ, ಅದರ ಬಾಜೂಕ!”

ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಗೊತ್ತಿಲ್ಲದ್ದು ದಿನಾ ಡಬ್ಬಿ ತಿಕ್ಕುವವಳಿಗೆ ಗೊತ್ತಿತ್ತು. ಪಂಚಮಿಗೆ ಉಳಿದದ್ದು ಮೂರು ದಿನ. ನಾನು ಕೆರೆದಷ್ಟೂ ಅಂಟು ಚಕ್ರದ ಹಲ್ಲುಗಳೊಳಗೆ ಇನ್ನಷ್ಟು ಕಚ್ಚಿ ಕೂತಿತು. ಕೊನೆಗೆ ಕೋಳಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಬಜಾರಿನ ಮೌನೇಶ ಪತ್ತಾರರ ಅಂಗಡಿಗೆ ಹೋದೆ. ಎಪ್ಪತ್ತು ದಾಟಿದ ಅಕ್ಕಸಾಲಿಗರು, ಇನ್ನೂ ದಿನಾ ಕೂತು ಕೆಲಸ ಮಾಡುವವರು. ಗಂಟು ಬಿಚ್ಚಿದ್ದನ್ನು ನೋಡಿ, “ಏನ್ರಿ ಸರ, ಕೋಳಿಗೆ ಮೂಗ ಚುಚ್ಚಬೇಕೇನ?” ಎಂದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅವರು ನನ್ನ ಮುಖ ನೋಡಿ ಸುಮ್ಮನೆ ಒಂದು ಬಟ್ಟಲಿಗೆ ಪೆಟ್ರೋಲು ಸುರಿದು, ಚಕ್ರಗಳನ್ನು ನೆನೆಯಿಟ್ಟು, ಆಭರಣ ತೊಳೆಯುವ ಮೆತ್ತನೆಯ ಬ್ರಷ್ಷಿನಿಂದ ಉಜ್ಜತೊಡಗಿದರು. ಉಜ್ಜುತ್ತಿದ್ದವರು ನಡುವೆ ಕೈ ನಿಲ್ಲಿಸಿ, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡರು.

“ಸರ, ಇಲ್ಲಿ ಬರ್ರಿ. ಈ ಸಣ್ಣ ಗಾಲಿ ನೋಡ್ರಿ.”

ನೋಡಿದೆ. ಎಲ್ಲ ಹಲ್ಲುಗಳೂ ಬೂದು ಬಣ್ಣ, ಒಂದು ಮಾತ್ರ ಹಳದಿ. ಸಾಸಿವೆ ಕಾಳಿನ ಅರ್ಧದಷ್ಟೂ ಇರಲಾರದು. ಬುಡದಲ್ಲಿ ಕೂದಲೆಳೆಯಂಥ ಬೆಸುಗೆ.

“ಹಿತ್ತಾಳಿ ಏನ್ರಿ?”

“ಹಿತ್ತಾಳಿ ಅಲ್ರಿ, ಬಂಗಾರ. ಗಟ್ಟಿ ಬರ್ಲಿ ಅಂತ ತಾಮ್ರ ಕೂಡಿಸ್ಯಾರ. ಇದು ನಮ್ಮಪ್ಪನ ಕೆಲಸ.”

“ಅದು ನಿಮಗ ಹೆಂಗ ಗೊತ್ತಾತ್ರಿ?”

“ನಮ್ಮಪ್ಪ ಎಡಗೈಯಾಂವರಿ. ಅರದ ಗೆರಿ ನೋಡ್ರಿ, ಎಲ್ಲಾರೂ ತಿಕ್ಕಿದ್ರ ಈ ಕಡೆ ಬೀಳ್ತಾವ. ಇವು ಆ ಕಡೆ ಬಿದ್ದಾವ.” ಅವರು ಆ ಚಕ್ರವನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ಯಾರು ಮಾಡಿಸಿದ್ದು ಎಂದು ಕೇಳಿದೆ. “ಅದನ್ನ ಅಂವ ಹೇಳತಿದ್ದಿಲ್ರಿ. ಬಂಗಾರ ಯಾರದು, ಯಾಕ ತಂದ್ರು ಅನ್ನೂದನ್ನ ಮನ್ಯಾಗೂ ಬಾಯಿ ಬಿಡತಿದ್ದಿಲ್ಲ.”

ತಗಡಿನ ಕೋಳಿಯ ಹೊಟ್ಟೆಯಲ್ಲಿ ಬಂಗಾರದ ಹಲ್ಲು! ಅದೂ ಹಳೆಯ ಹಲ್ಲುಗಳಿಗೆ ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲದಂತೆ. ಅದನ್ನು ಅರದಿಂದ ತಿಕ್ಕಿದ ಎಡಗೈಯನ್ನು ನೆನೆದು ನನಗೆ ಮೈ ಜುಂ ಎಂದಿತು. ಆದರೆ ನಾನು ಸಣ್ಣ ಮನುಷ್ಯ. ಬೆರಗಿನ ಹಿಂದೆಯೇ ಇನ್ನೊಂದು ವಿಚಾರ ಬಂತು. ನಾನು ಜೋಳ ತುಂಬಿದ ಮೇಲೆ ಇದನ್ನು ಯಾರೂ ಬಿಚ್ಚಿಲ್ಲ. ಬಿಚ್ಚಿದ್ದರೆ ಜೋಳ ಅಲ್ಲಿ ಉಳಿಯುತ್ತಿರಲಿಲ್ಲ. ಅಂದರೆ ಈ ಹಲ್ಲು ಅದಕ್ಕಿಂತ ಹಿಂದಿನದು. ಅಂದರೆ ನಾನು ಕೊಲ್ಲುವ ಮೊದಲೇ ಕೋಳಿ ಒಮ್ಮೆ ಸತ್ತಿತ್ತು! ಕೊಂದವರು ಯಾರು? ಕೋಳಿ ಅಕ್ಕನದು, ಆಡುತ್ತಿದ್ದವಳು ಅಕ್ಕ. ಐವತ್ತು ವರ್ಷದ ಅಪವಾದಕ್ಕೆ ಇಷ್ಟು ಸಣ್ಣ, ಇಷ್ಟು ಹೊಳೆಯುವ ಸಾಕ್ಷಿ ಸಿಕ್ಕಿತ್ತು. ಪತ್ತಾರರು ಗಡಿಯಾರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸಿ ಕೊಟ್ಟ ಕೋಳಿಯನ್ನು ತೆಗೆದುಕೊಂಡು, ಮನೆಯವರೆಗೂ ಸಿಳ್ಳೆ ಹಾಕುತ್ತ ಬಂದೆ.

ಅಣ್ಣಿಗೇರಿಗೆ ಹೋಗಿ ಅಕ್ಕನನ್ನು ಕರೆತಂದೆ. ಮೊಣಕಾಲು ಮಾತು ಕೇಳುವುದಿಲ್ಲ ಎಂದವಳು ಬಸ್ಸಿನ ಮೆಟ್ಟಿಲನ್ನು ನನಗಿಂತ ಮೊದಲೇ ಏರಿದ್ದಳು. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ “ಎಲ್ಲೈತಿ?” ಎಂದಳು. ಊಟದ ತಾಟು ಬೋರಲು ಹಾಕಿ, ಅದರ ಮೇಲೆ ಕೋಳಿ ಇಟ್ಟೆ. ಕೀಲಿಯನ್ನು ಅವಳೇ ತಿರುವಿದಳು. ಕೋಳಿ ಕುಕ್ಕತೊಡಗಿತು. ಅಕ್ಕ ಕುರ್ಚಿ ಬಿಟ್ಟು ನೆಲಕ್ಕೆ ಇಳಿದು ಕೂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಲೇ ಇದ್ದಳು. ಅಷ್ಟಕ್ಕೇ ಬಿಡಬಹುದಾಗಿತ್ತು. ಆದರೆ ನಾನು ಗಂಟಲು ಸರಿಮಾಡಿಕೊಂಡು, ಕ್ಲಾಸಿನಲ್ಲಿ ನಿಂತ ಹಾಗೆ ನಿಂತು, ಬಂಗಾರದ ಹಲ್ಲಿನ ವಿಷಯವನ್ನೂ ಜೋಳದ ವಿಷಯವನ್ನೂ ಕ್ರಮವಾಗಿ ವಿವರಿಸಿದೆ.

“ಹಂಗಾದ್ರ ಅಕ್ಕಾ, ಮೊದಲನೇ ಸಲ ಈ ಕೋಳಿ ಕೊಂದಾಂವ್ರು ಯಾರು? ಹೇಳು ಈಗ.”

ಅಕ್ಕ ಕೋಳಿಯಿಂದ ಕಣ್ಣು ತೆಗೆಯಲಿಲ್ಲ. “ನೀನ” ಎಂದಳು.

“ನಾನ?”

“ನಿನಗ ಆವಾಗ ನಾಕ ವರ್ಸ. ಹಾರತದೇನ ನೋಡೂಣು ಅಂತ ಮಾಳಗಿ ಮ್ಯಾಲಿಂದ ಒಗದಿ. ಅವತ್ತ ಸಂಜಿಗೆ ಅಪ್ಪ ಊರಿಂದ ಬರಾಂವ. ಅಪ್ಪನ ಸಿಟ್ಟ ನಿನಗ ನೆನಪಿಲ್ಲ, ನಿನ್ನ ತೊಗಲ ಸುಲಿತಿದ್ದ. ನಾ ಉಡ್ಯಾಗ ಕಟಗೊಂಡ ಪತ್ತಾರ ಕಾಕಾನ ಕಡೆ ಓಡಿದ್ನಿ. ಹಲ್ಲ ಮುರದದವಾ, ಹಿತ್ತಾಳಿ ಇಲ್ಲ, ನಾಳೆ ಬಾ ಅಂದ. ನಾಳೆ ಅಂದ್ರ ಹೆಂಗ? ಕಿವ್ಯಾಗಿನ ಮುರುವ ತಗದ ಕೊಟ್ನಿ. ಅದರ ತುದಿ ಒಂದೀಟ ಕತ್ತರಿಸಿ, ಹಲ್ಲ ಮಾಡಿ ಕುಂದರಿಸಿ, ಉಳದದ್ದ ಹೊಳ್ಳಿ ಕಿವಿಗೆ ಹಾಕಿದ. ಅದು ಮುಂದ ಕಿವ್ಯಾಗ ನಿಲ್ಲಲಿಲ್ಲ. ಎಲ್ಲಿ ಬಿತ್ತೋ ಏನೋ. ಕಳಕೊಂಡ ಬಂದಿ ಅಂತ ಅವ್ವ ಬಾರಕೋಲ ತಗೊಂಡ ಬಡದ್ಲು.”

ಕೋಳಿಯ ಸ್ಪ್ರಿಂಗು ತೀರಿ ಅದು ತಲೆ ತಗ್ಗಿಸಿ ನಿಂತಿತು. ನಾನೂ ಹಾಗೆಯೇ ನಿಂತಿದ್ದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಉಡಿಯಲ್ಲಿ ಮುರಿದ ಕೋಳಿ ಕಟ್ಟಿಕೊಂಡು ಬಜಾರದಲ್ಲಿ ಓಡುವುದು ಕಣ್ಣಿಗೆ ಕಟ್ಟಿ, ಚಕ್ರಗಳನ್ನು ನೋಡಿ ನಾನು ಪಟ್ಟ ಬೆರಗೆಲ್ಲ ಏನೂ ಅಲ್ಲ ಎನಿಸಿತು. ಆದರೂ ಕೇಳಿದ್ದು ಇಷ್ಟೇ.

“ಮತ್ತ ಇಷ್ಟ ವರ್ಸ ಒಂದ ಕೊಲಿ ಅಷ್ಟ ಹೇಳಕೊಂತ ಬಂದೆಲ್ಲ, ಇದನ್ನ ಯಾಕ ಹೇಳಲಿಲ್ಲ?”

“ಎರಡೂ ಹೇಳಿದ್ರ ನಿನಗ ಹೆಣ್ಣ ಯಾರ ಕೊಡತಿದ್ರು?”

ಅಡುಗೆಮನೆಯಿಂದ ನಮ್ಮಾಕೆ ನಕ್ಕದ್ದು ಕೇಳಿಸಿತು. “ಜೋಳ ತುಂಬಿದಾಗರ ಪತ್ತಾರ ಕಾಕಾನ ಕಡೆ ಒಯ್ಯಬೇಕಾಗಿತ್ತು” ಎಂದು ಗೊಣಗಿದೆ.

“ಇನ್ನೊಂದ ಕಿವೀದೂ ಕೊಡಬೇಕಾಗಿತ್ತೇನ?” ಎಂದು ಅಕ್ಕ ಮತ್ತೆ ಕೀಲಿ ತಿರುವಿದಳು.

ಇದನ್ನೆಲ್ಲ ಬರೆದು, ಅವಳು ಊರಿಗೆ ಹೊರಡುವ ದಿನ ಓದಿ ಹೇಳಿದೆ. ಕಣ್ಣು ಮುಚ್ಚಿ ಪೂರಾ ಕೇಳಿದಳು. “ಚಲೋ ಬರದಿ. ಆದ್ರ ಆ ಮುರುವಿನ ಸುದ್ದಿ ಹೊಡದ ಹಾಕು” ಎಂದು ದನಿ ತಗ್ಗಿಸಿ, “ಅವ್ವನ ಕಿವಿಗೆ ಬಿದ್ದೀತು” ಎಂದಳು. ಅವ್ವ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅದನ್ನು ಅಕ್ಕನಿಗೆ ನೆನಪಿಸುವ ಧೈರ್ಯ ನನಗೆ ಬರಲಿಲ್ಲ. ಹೊಡೆದುಹಾಕುತ್ತೇನೆ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ನೀವು ಇಲ್ಲಿಯವರೆಗೆ ಓದಿದ್ದೀರಿ ಎಂದ ಮೇಲೆ, ನಾನು ಎಂಥ ತಮ್ಮ ಎಂದು ಬೇರೆ ಹೇಳಬೇಕಾಗಿಲ್ಲ.