ಆಂಬುಲೆನ್ಸ್ ಹತ್ತಿದ ಮೈಸೂರು ಪೇಟ

ಒಳ್ಳೆಯ ಕೆಲಸಕ್ಕೆ ನಾಲ್ಕು ಜನ ಕನ್ನಡಿಗರು ಸೇರಿದರೆ ಏನಾದರೂ ಒಂದು ಅಧ್ವಾನ ಆಗಿಯೇ ತೀರುತ್ತದೆ. ಬ್ಯಾಂಕಿನ ವರ್ಗಾವಣೆಯಿಂದ ಕೊಚ್ಚಿಗೆ ಬಂದು, ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿಯಾದ ಮೇಲೆ ನನಗಿದು ಖಾತ್ರಿಯಾಗಿದೆ. ಕಾಯಿಲೆಯ ಮಕ್ಕಳನ್ನು ತುರ್ತಾಗಿ, ಪುಕ್ಕಟೆಯಾಗಿ ಆಸ್ಪತ್ರೆಗೆ ಒಯ್ಯುವ ಸಂಸ್ಥೆಯೊಂದು ಇಲ್ಲಿದೆ. ಅವರ ಹಳೆಯ ಆಂಬುಲೆನ್ಸ್ ಏದುಸಿರು ಬಿಡುತ್ತಿತ್ತು. ಹೊಸದೊಂದನ್ನು ನಾವೇ ಕೊಡಿಸೋಣ ಅಂತ ಸಂಘದಲ್ಲಿ ತೀರ್ಮಾನವಾಯಿತು. ಶುರುವಾಯಿತು ನೋಡಿ.

ಯಾರ ಪೈಕಿ?

ಚಂದಾ ಎತ್ತಲು ನಾನೂ ನಮ್ಮ ಅಧ್ಯಕ್ಷರೂ ಮೊದಲು ಹೋದದ್ದು ಎಡಪ್ಪಳ್ಳಿಯ ಒಂದು ಫ್ಲ್ಯಾಟಿಗೆ. ಮನೆಯಾಕೆ ಬಾಗಿಲು ತೆಗೆದು, "ಊರು ಯಾವುದಾಯ್ತು?" ಅಂದರು. ಅಧ್ಯಕ್ಷರು ಪುತ್ತೂರು ಅಂದರು.

"ಪುತ್ತೂರಲ್ಲಿ ಯಾರ ಪೈಕಿ?"

ಮುಗಿಯಿತು ಕಥೆ. ಅಜ್ಜನ ತಮ್ಮ, ಆ ತಮ್ಮನ ಹೆಂಡತಿಯ ತವರು ಅಂತ ಸುತ್ತಿ ಬಳಸಿ ಇಬ್ಬರೂ ನೆಂಟರಾದರು. ಕಾಫಿ ಆಯಿತು, ಬಾಳೆಕಾಯಿ ಚಿಪ್ಸ್ ಆಯಿತು. ಮನೆಯ ಮಗಳು ಬಂದು ಮಲಯಾಳದಲ್ಲಿ ನಮಸ್ಕಾರ ಹೇಳಿ ಹೋದಳು. ಲಿಫ್ಟಿನಲ್ಲಿ ಇಳಿಯುವಾಗ ನಾನು ಕೇಳಿದೆ, "ಸಾರ್, ಆಂಬುಲೆನ್ಸ್ ವಿಷಯ?"

ಅಧ್ಯಕ್ಷರು ಜೇಬು ಮುಟ್ಟಿ ನೋಡಿಕೊಂಡರು. "ಅಯ್ಯೋ, ಅದು ಮರೆತೇ ಹೋಯ್ತು ಮಾರಾಯ್ತಿ. ನನ್ನ ತಂಗಿ ಮಗನಿಗೆ ಅಂತ ಹುಡುಗಿಯ ಜಾತಕ ಕೊಟ್ಟಿದ್ದಾರೆ."

ಬಲಗಾಲು

ಹೇಗೋ ಗಾಡಿ ಬಂತು. ಅದನ್ನು ಒಪ್ಪಿಸುವ ಸಮಾರಂಭಕ್ಕೆ ಅಧ್ಯಕ್ಷರು ಪಂಚಾಂಗ ಹಿಡಿದು ಕೂತರು. ರಾಹುಕಾಲ ಬಿಟ್ಟು, ಯಮಗಂಡ ಬಿಟ್ಟು, ಹೊತ್ತೇ ಉಳಿಯಲಿಲ್ಲ. ಸಂಸ್ಥೆಯ ಡ್ರೈವರ್ ಚೇಟನ್ (ಇಲ್ಲಿ ಅಣ್ಣ ಅನ್ನುವುದಕ್ಕೆ ಚೇಟನ್ ಅನ್ನುತ್ತಾರೆ) ಇದನ್ನೆಲ್ಲ ನೋಡಿ ವಿನಯದಿಂದ ಮಲಯಾಳದಲ್ಲಿ ಕೇಳಿದರು, "ಸಾರ್, ರಾಹುಕಾಲದಲ್ಲೇ ಯಾವುದೋ ಮಗು ಸೀರಿಯಸ್ ಅಂತ ಫೋನ್ ಬಂದರೆ?"

ಅಧ್ಯಕ್ಷರು ಪಂಚಾಂಗ ಮುಚ್ಚಿದರು. "ಹೋಗಿ ಚೇಟಾ. ಮಗುವಿನ ಮುಂದೆ ರಾಹು ಯಾವ ಲೆಕ್ಕ? ಆದರೆ ಬಲಗಾಲಿಟ್ಟು ಹೊರಡಿ."

"ಆಕ್ಸಿಲರೇಟರ್ ಯಾವತ್ತೂ ಬಲಗಾಲಲ್ಲೇ, ಸಾರ್."

ಮುಖ್ಯ ಅತಿಥಿ

ಮುಖ್ಯ ಅತಿಥಿಗಳು ತಿರುವನಂತಪುರದಲ್ಲಿ ನೆಲೆಸಿದ ಕಾಸರಗೋಡಿನ ನಿವೃತ್ತ ಸರ್ಕಾರಿ ವಕೀಲರು. ಅಪ್ಪಟ ಒಳ್ಳೆಯ ಮನುಷ್ಯ, ಆದರೆ ಮೈಕ್ ಸಿಕ್ಕರೆ ಸಭಿಕರಿಗೆ ಬಿಡುಗಡೆಯಿಲ್ಲ. ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಇನ್ನೇನು ಭಾಷಣ ಅನ್ನುವಾಗ ಡ್ರೈವರಿಗೆ ಫೋನ್ ಬಂತು. ಆಲುವದ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಕೂಸು, ಹೃದಯದ ತೊಂದರೆ, ಕೂಡಲೇ ತಿರುವನಂತಪುರಕ್ಕೆ ಒಯ್ಯಬೇಕು. ಸಂಸ್ಥೆಯ ನರ್ಸ್ ಹಿಂದೆ ಹತ್ತಿದರು, ನಾನು ಮುಂದೆ. ಅತಿಥಿಗಳೂ ಪೇಟದ ಸಮೇತ ಹತ್ತಿದರು. "ನನ್ನ ಟ್ರೇನು ಹೇಗೂ ಆಲುವದಿಂದಲೇ, ಅಲ್ಲಿ ಇಳಿಸಿಬಿಡಿ."

ಆಲುವದಲ್ಲಿ ಕೂಸನ್ನೂ ಅದರ ತಾಯಿಯನ್ನೂ ಹತ್ತಿಸಿಕೊಂಡೆವು. ಅತ್ತಷ್ಟೂ ಅದರ ತುಟಿ ನೀಲಿಯಾಗುತ್ತಿತ್ತು. "ದಾರಿಯಲ್ಲಿ ಅಳಲು ಬಿಡಬೇಡಿ, ಶಾಂತವಾಗಿದ್ದರಷ್ಟೇ ಕ್ಷೇಮ," ಅಂದರು ಡಾಕ್ಟರು. ತಾಯಿ ಎದೆಗೆ ಅವಚಿಕೊಂಡರೂ ಸುಮ್ಮನಾಗದು. ಅಷ್ಟರಲ್ಲಿ ಇಳಿಯಲು ಬಗ್ಗಿದ ಅತಿಥಿಗಳ ಪೇಟದ ಜರಿ ಕೂಸಿನ ಕಣ್ಣಿಗೆ ಬಿತ್ತು. ಅಳು ನಿಂತಿತು.

"ಸಾರ್, ನೀವು ಇಳಿಯಬೇಡಿ," ಅಂದರು ನರ್ಸ್.

ಆಲಪ್ಪುಳದವರೆಗೆ ಪೇಟ ಕಾಪಾಡಿತು. ಆಮೇಲೆ ಕೂಸಿಗೆ ಅದೂ ಸಾಕಾಗಿ ಮುಖ ಸೊಟ್ಟಗಾಯಿತು. ತಾಯಿ ಜೋಗುಳ ಹಾಡಲು ಹೊರಟರೆ ಭಯಕ್ಕೆ ಸಾಲುಗಳೇ ಮರೆತುಹೋದವು. ಗಾಬರಿಯಲ್ಲಿ ಅತಿಥಿಗಳ ಬಾಯಿಗೆ ಬಂದದ್ದು ಒಂದೇ. "ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ..."

ಮೆಲುದನಿಯ ಆ ಭಾಷಣವನ್ನು ಕೂಸು ಕಣ್ಣರಳಿಸಿ ಕೇಳಿತು. ಪೀಠಿಕೆ ಮುಗಿಯುವ ಮೊದಲೇ ಆಕಳಿಸಿ ನಿದ್ದೆಹೋಯಿತು. ಕೊಲ್ಲಂ ಹತ್ತಿರ ಅವರು ನೀರು ಕುಡಿಯಲೆಂದು ಮಾತು ನಿಲ್ಲಿಸಿದರೆ ಅದು ಮಿಸುಕಾಡಿತು. "ಸಾರ್, ನಿಲ್ಲಿಸಬೇಡಿ," ಅಂತ ನಾವೆಲ್ಲ ಒಟ್ಟಿಗೇ ಅಂದೆವು. ಅವರ ಕಣ್ಣು ತುಂಬಿತು. ಜೀವಮಾನದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಕೂಸು ನಿದ್ದೆಯಲ್ಲೇ ಆಸ್ಪತ್ರೆ ಸೇರಿತು. ಆಪರೇಷನ್ ಚೆನ್ನಾಗಿ ಆಯಿತು. ಈಗ ತುಟಿ ಕೆಂಪಗಿದೆ, ನೋಡಿದರೆ ಖುಷಿಯಾಗುತ್ತದೆ. ಮೊನ್ನೆ ಅದರ ಮೊದಲ ಹುಟ್ಟುಹಬ್ಬಕ್ಕೆ ನಮ್ಮನ್ನೂ ಕರೆದಿದ್ದರು. ಜನ ಸೇರಿದ್ದು ಕಂಡು ವಕೀಲರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ತಾಯಿ ಓಡಿಬಂದು ಕೈಮುಗಿದರು.

"ಸಾರ್, ದಯವಿಟ್ಟು ಕೇಕ್ ಕತ್ತರಿಸಿದ ಮೇಲೆ. ಅಲ್ಲಿಯವರೆಗೆ ಅವಳು ಎಚ್ಚರವಾಗಿರಬೇಕು."