ಕಾಲಿಂಗ್ ಬೆಲ್ ಒತ್ತುವ ಕೆಲಸ

ಪತ್ರಿಕೆಯ ಕೆಲಸ ಎಂದರೆ ಬರೆಯುವುದು ಎಂದುಕೊಂಡು ನಾನು ಇದಕ್ಕೆ ಸೇರಿದ್ದು. ಸೇರಿದ ಮೇಲೆ ಗೊತ್ತಾಯ್ತು, ಬರೆಯುವುದು ಕೊನೆಗೆ. ಅದಕ್ಕಿಂತ ಮೊದಲು ಪರಿಚಯವೇ ಇಲ್ಲದವರ ಮನೆಗೆ ಹೋಗಿ ಬೆಲ್ ಒತ್ತಬೇಕು, ಅದೂ ಅವರಿಗೆ ಯಾರೂ ಬರುವುದು ಬೇಡ ಎನ್ನಿಸಿದ ಹೊತ್ತಿನಲ್ಲೇ. ಮಂಗಳೂರಿನಲ್ಲಿ ಬಾಗಿಲು ತೆಗೆದವರು ಬೈಯುವುದು ಕಡಿಮೆ. ಕೂತುಕೊಳ್ಳಿ, ಕುಡಿಯಲಿಕ್ಕೆ ಎಂತ ಬೇಕು ಎನ್ನುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ಇಂಥದ್ದು ನನಗೆ ವಾರಕ್ಕೊಂದು ತಪ್ಪದೆ ಆಗ್ತಾ ಇರ್ತದೆ.

ಬಾಯಿ ತೆರೆದ ಅಪ್ಪ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಕಾವೂರಿನ ಒಂದು ಹುಡುಗಿಗೆ ಒಳ್ಳೆಯ ರ‍್ಯಾಂಕ್ ಬಂದಿತ್ತು. ಅಪ್ಪನದ್ದು ಕೆರೆಯ ಹತ್ತಿರ ಜೆರಾಕ್ಸ್ ಅಂಗಡಿ. ನಾನು ಮತ್ತು ನಮ್ಮ ಫೋಟೊಗ್ರಾಫರ್ ಹೋಗುವಾಗ ಟೀವಿಯವರು ಆಗಲೇ ಜಗಲಿ ತುಂಬಿದ್ದರು. ಅಮ್ಮನ ಕೈಯಲ್ಲಿ ಒಂದು ಲಾಡು. ಅದನ್ನು ಮಗಳಿಗೆ ತಿನ್ನಿಸಬೇಕು, ಮಗಳು ಅಪ್ಪನಿಗೆ ತಿನ್ನಿಸಬೇಕು. ಒಂದು ಕ್ಯಾಮೆರಾದವರದ್ದು ಮುಗಿಯಿತು ಎನ್ನುವಾಗ ಇನ್ನೊಬ್ಬರು, "ನಮಗೆ ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ" ಎನ್ನುತ್ತಿದ್ದರು.

ಅಪ್ಪ ನನ್ನ ಹತ್ತಿರ ಮೆಲ್ಲ ಹೇಳಿದರು, "ಮೇಡಂ, ನನಗೆ ಶುಗರ್ ಉಂಟು. ನಾನು ಬಾಯಿ ಮಾತ್ರ ತೆರೀತೇನೆ, ಆಗ್ತದಾ?"

ಪಾಪ, ಹಾಗೆ ಬಾಯಿ ತೆರೆದು ತೆರೆದು ಅವರಿಗೆ ದವಡೆ ನೋವು ಬಂದಿತ್ತು.

ಹುಡುಗಿಯ ಕಣ್ಣು ನಿದ್ದೆಯಿಂದ ಮುಚ್ಚಿಕೊಳ್ಳುತ್ತಿತ್ತು. ಮುಂದೆ ಎಂತ ಆಗ್ತೀ ಎಂದು ಮೊದಲು ಕೇಳಿದವರಿಗೆ ಅವಳು "ಇನ್ನೂ ಯೋಚನೆ ಮಾಡಲಿಲ್ಲ" ಎಂದಳಂತೆ. ಹಾಗೆ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದು ಅವರೇ ಡಾಕ್ಟರ್ ಮಾಡಿದರು. ಮತ್ತೆ ಬಂದವರು ಐಎಎಸ್ ಮಾಡಿದರು. ಇನ್ನೊಬ್ಬರು ಸೇನೆಗೆ ಸೇರಿಸಿದರು. ಎಲ್ಲ ಮುಗಿದ ಮೇಲೆ ನನ್ನ ಸರದಿ. ನಾನು ಪೆನ್ನು ತೆಗೆದದ್ದೇ ತಡ, ಅವಳೇ ಕೇಳಿದಳು:

"ಅಕ್ಕಾ, ನಿಮ್ಮ ಪೇಪರಿಗೆ ನಾನು ಎಂತ ಆಗಬೇಕು?"

ಹೆಸರು ಹಾಕಬೇಡಿ

ಎರಡು ಮನೆಗಳ ನಡುವೆ ಹಲಸಿನ ಮರದ ಕೊಂಬೆಯ ವಿಷಯದಲ್ಲಿ ಜಗಳ ನಡೆದು ಅದು ಪೊಲೀಸ್ ಠಾಣೆಯವರೆಗೆ ಹೋಗಿತ್ತು. ಎದುರು ಮನೆಯ ನಿವೃತ್ತ ಮೇಷ್ಟ್ರು ಒಬ್ಬರು ನಡೆದದ್ದನ್ನೆಲ್ಲ ನನಗೆ ವಿವರವಾಗಿ ಹೇಳಿ, "ಆದರೆ ನನ್ನ ಹೆಸರು ಮಾತ್ರ ಬೇಡ ಮಾರಾಯ್ತಿ, ದಿನಾ ಅವರ ಮುಖ ನೋಡಬೇಕು" ಎಂದರು. ನಾನು ಹೆಸರು ಹಾಕಲಿಲ್ಲ. ಆಫೀಸಿನಲ್ಲಿ ವರದಿ ತಿದ್ದುವ ಡೆಸ್ಕಿನವರಿಗೆ ಅದು ಸಪ್ಪೆ ಅನ್ನಿಸಿತೋ ಏನೋ, "ಹೆಸರು ಹೇಳಲಿಚ್ಛಿಸದ, ಎದುರಿನ ಹಸಿರು ಗೇಟಿನ ಮನೆಯ ನಿವೃತ್ತ ಶಿಕ್ಷಕರು" ಎಂದು ಸೇರಿಸಿದರು.

ಮಾರನೇ ದಿನ ಮೇಷ್ಟ್ರು ಆಫೀಸಿಗೇ ಬಂದರು. ಸಿಟ್ಟಿರಲಿಲ್ಲ, ಬೇಸರವಿತ್ತು.

"ಹೆಸರೇ ಹಾಕಿದ್ರೆ ಒಳ್ಳೆಯದಿತ್ತು. ನನ್ನ ಹೆಸರಿನವರು ಆ ಬೀದಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಸಿರು ಗೇಟು ಇರುವುದು ನನಗೊಬ್ಬನಿಗೇ."

ಆಮೇಲೊಮ್ಮೆ ಆ ದಾರಿಯಲ್ಲಿ ಹೋದೆ. ಗೇಟಿಗೆ ನೀಲಿ ಬಣ್ಣ ಬಂದಿತ್ತು.

ತೀರಿಹೋದವರ ಫೋಟೊ

ಪಣಂಬೂರಿನ ಕಡೆಯಿಂದ ಒಂದು ಸುದ್ದಿ ವಾಟ್ಸಾಪಿನಲ್ಲಿ ಬಂತು. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದ, ಊರಿಗೆಲ್ಲ ಬೇಕಾದ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದು. ಕೆಳಗೆ ಸಾಲು ಸಾಲು "ಓಂ ಶಾಂತಿ". ನಮ್ಮ ಚೀಫ್ ರಿಪೋರ್ಟರ್, "ಬೇರೆ ಪೇಪರಿನವರು ಹೋಗುವ ಮೊದಲು ನೀನು ಹೋಗು, ಒಂದು ಒಳ್ಳೆ ಫೋಟೊ ತಾ" ಎಂದರು.

ಹೋದೆ. ಮನೆಯ ಹತ್ತಿರ ಜನ ಇಲ್ಲ, ಶಾಮಿಯಾನ ಇಲ್ಲ. ಬೆಲ್ ಒತ್ತಿದೆ. ಲುಂಗಿ, ಬನಿಯನ್ ಹಾಕಿದ ಒಬ್ಬರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಧಾನ ಬಂದು ಬಾಗಿಲು ತೆಗೆದರು.

ಸ್ವರ ತಗ್ಗಿಸಿ ಕೇಳಿದೆ, "ಫೋಟೊ ಬೇಕಿತ್ತು."

"ಯಾರದ್ದು?"

"ತೀರಿಹೋದವರದ್ದು."

"ಅದು ನಾನೇ," ಎಂದರು. "ಒಳಗೆ ಬನ್ನಿ."

ಹರ್ನಿಯಾ ಆಪರೇಶನ್ ಮುಗಿಸಿ ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದರು. ಯಾರು, ಹೇಗೆ ಸುದ್ದಿ ಹಬ್ಬಿಸಿದರೋ ಗೊತ್ತಿಲ್ಲ. ದುಬೈಯಲ್ಲಿರುವ ಮಗಳು ಬೆಳಿಗ್ಗೆ ಅಳುತ್ತಾ ಫೋನ್ ಮಾಡಿದ್ದಳಂತೆ. ಇವರೇ ಮಾತಾಡಿದರೂ ನಂಬದೆ, ವಿಡಿಯೋ ಕಾಲ್ ಮಾಡಿಸಿ, ಎದ್ದು ನಡೆಸಿ ನೋಡಿದಳಂತೆ. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತು. ನನಗೆ ಅಲ್ಲಿಂದ ಓಡಿಹೋದರೆ ಸಾಕಿತ್ತು. ಆದರೆ ಅವರು ಬಿಡಲಿಲ್ಲ. ಬಂದದ್ದೇ ಬಂದಿದ್ದೀರಿ ಎಂದು ಆಲ್ಬಂ ತೆಗೆದರು. ನಾನು ಒಂದು ಪಾಸ್‌ಪೋರ್ಟ್ ಫೋಟೊ ತೋರಿಸಿದೆ.

"ಅದು ಬೇಡ. ಅದರಲ್ಲಿ ಸತ್ತವನ ಹಾಗೆ ಕಾಣ್ತೇನೆ."

ಹೊರಗೆ ಬಂದು ಚೀಫಿಗೆ ಫೋನ್ ಮಾಡಿದೆ. "ಸರ್, ಅವರು ಬದುಕಿದ್ದಾರೆ."

"ಛೆ," ಎಂದರು. ಆಮೇಲೆ ಅವರಿಗೇ ನಾಚಿಕೆಯಾಗಿ, "ಅಲ್ಲ, ಒಳ್ಳೆಯದೇ ಆಯ್ತು ಬಿಡು. ನಾನು ಪೇಜಿನಲ್ಲಿ ಜಾಗ ಬಿಟ್ಟಿದ್ದೆ, ಹಾಗೆ ಬಾಯಿಗೆ ಬಂತು." ಮತ್ತೆ ಹೇಳಿದರು, "ಒಂದು ಕೆಲಸ ಮಾಡು. ಅವರಿಗೆ ಹವ್ಯಾಸ ಎಂತಾದ್ರೂ ಉಂಟಾ ಕೇಳು."

ಅಜ್ಜಿಯ ಸಂದರ್ಶನ

ಬಿಕರ್ನಕಟ್ಟೆಯ ಹತ್ತಿರ ಹೋಟೆಲ್ ವ್ಯವಹಾರದ ಒಂದು ಕುಟುಂಬ. ಮದುವೆಯ ಹಿಂದಿನ ದಿನ ಮಗಳು ಈ ಮದುವೆ ಬೇಡ ಎಂದಳು. ಹಾಲ್ ಅಲಂಕಾರ ಆಗಿತ್ತು, ಅಡುಗೆಯವರು ಬಂದಾಗಿತ್ತು. ಊರಿಡೀ ಅದೇ ಮಾತು. ಯಾಕೆ ಬೇಡ ಎಂದಳು ಎಂದು ತಿಳಿದುಕೊಂಡು ಬರಬೇಕೆಂದು ಚೀಫ್ ನನ್ನನ್ನು ಕಳಿಸಿದರು. "ನೀನು ಹುಡುಗಿ, ನಿನ್ನ ಹತ್ತಿರ ಹೇಳ್ತಾರೆ."

ಗೇಟಿನಲ್ಲಿ ನಿಂತವಳನ್ನು ಮನೆಯ ಅಜ್ಜಿ ನೋಡಿದರು. "ಬಿಸಿಲಿಗೆ ಯಾಕೆ ನಿಂತದ್ದು? ಒಳಗೆ ಬಾ ಮಗಾ." ಒಂದು ಲೋಟ ಮಜ್ಜಿಗೆ ಕೊಟ್ಟು ಎದುರಿಗೆ ಕೂತರು. "ಎಂತ ಕೇಳಬೇಕು, ಕೇಳು."

"ಮೊಮ್ಮಗಳು ಮದುವೆ ಬೇಡ ಅಂದದ್ದು ಯಾಕೆ ಅಜ್ಜಿ?"

"ನಿನ್ನದು ಮದುವೆ ಆಯ್ತಾ?"

"ಇಲ್ಲ."

"ಯಾಕೆ?"

ಅವರು ಕೇಳಿದ ರೀತಿಯೇ ಹಾಗಿತ್ತು, ಹೇಳದೆ ಇರಲಿಕ್ಕೆ ಆಗಲಿಲ್ಲ. ಯಾವ ಊರು, ಯಾವ ಮನೆ, ಅಮ್ಮನ ತವರು ಎಲ್ಲಿ ಎಲ್ಲ ಹೇಳಿಯಾಯ್ತು. ಸುರತ್ಕಲ್‌ನ ಒಂದು ಸಂಬಂಧ ತಪ್ಪಿದ್ದು ಹೇಳಿದೆ. ಹುಡುಗನ ಕಡೆಯವರೇ ಸುಮ್ಮನಾದರು ಎಂದು ಅಮ್ಮನ ಹತ್ತಿರ ಹೇಳಿದ್ದೆ, ನಿಜವಾಗಿ ಬೇಡ ಎಂದವಳು ನಾನು ಎಂಬುದನ್ನೂ ಹೇಳಿದೆ.

"ಯಾಕೆ ಬೇಡ ಅಂದೆ?"

"ಹೋಟೆಲಿನಲ್ಲಿ ಮಾತಾಡಲಿಕ್ಕೆ ಕೂತಿದ್ದೆವು ಅಜ್ಜಿ. ಕಾಫಿಯಾ, ಚಹಾವಾ ಎಂದು ಸಪ್ಲೈಯರ್ ಕೇಳಿದ. ಇವನು ಅಮ್ಮನಿಗೆ ಫೋನ್ ಮಾಡಿ ಕೇಳಿದ."

ಅಜ್ಜಿ ನಕ್ಕರು. ಒಳಗಿನ ಕೋಣೆಯ ಬಾಗಿಲ ಹಿಂದೆಯೂ ಯಾರೋ ನಕ್ಕರು. ಅಜ್ಜಿ ಸ್ವಲ್ಪ ಹೊತ್ತು ಆ ಕಡೆಗೇ ಕಿವಿಗೊಟ್ಟು ಕೂತರು. "ಮೂರು ದಿನ ಆಯ್ತು, ಅವಳ ಸ್ವರ ಕೇಳಿರಲಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ನೀನು ಹೇಳಿದ್ದನ್ನೆಲ್ಲ ಪೇಪರಿನಲ್ಲಿ ಹಾಕಿದ್ರೆ ಹೇಗೆ?"

"ಬೇಡ ಅಜ್ಜಿ. ಅಮ್ಮ ಮನೆಗೆ ಸೇರಿಸ್ಲಿಕ್ಕಿಲ್ಲ."

"ಅದೇ ಮತ್ತೆ," ಎಂದು ಲೋಟ ತೆಗೆದುಕೊಂಡು ಎದ್ದರು.

ಆಫೀಸಿಗೆ ಬಂದು, ಮನೆಯವರು ಮಾತಾಡಲಿಲ್ಲ ಎಂದೆ. ಚೀಫ್ ಮುಖ ಸಣ್ಣ ಮಾಡಿಕೊಂಡರು. ಆ ಜಾಗಕ್ಕೆ ಒಳಚರಂಡಿ ಕಾಮಗಾರಿಯ ಸುದ್ದಿ ಹೋಯಿತು. ನನಗೆ ಬಹಳ ಸಮಾಧಾನವಾಗಿತ್ತು.

ಸಂಜೆ ಅಮ್ಮನ ಫೋನ್ ಬಂತು.

"ಬಿಕರ್ನಕಟ್ಟೆಯ ಒಬ್ಬರು ಅಜ್ಜಿ ಫೋನ್ ಮಾಡಿದ್ರು. ನನ್ನ ಅತ್ತಿಗೆಗೆ ದೂರದ ಸಂಬಂಧ ಅಂತೆ, ಅವಳೇ ನಂಬರ್ ಕೊಟ್ಟದ್ದು. ನಿನಗೆ ಒಬ್ಬ ಹುಡುಗ ಇದ್ದಾನಂತೆ. ಒಳ್ಳೆ ಕೆಲಸ, ಒಳ್ಳೆ ಮನೆತನ."

"ಬೇರೆ ಎಂತ ಹೇಳಿದ್ರು?" ಎಂದೆ.

"ಬೇರೆ ಎಂತ ಇಲ್ಲ," ಎಂದರು ಅಮ್ಮ. "ಕಾಫಿಯಾ ಚಹಾವಾ ಅಂತ ಅವನೇ ಹೇಳ್ತಾನಂತೆ, ಅದನ್ನು ವಿಚಾರಿಸಿ ಆಗಿದೆಯಂತೆ. ನನಗೆ ಅರ್ಥ ಆಗ್ಲಿಲ್ಲ. ನಿನಗೆ ಹೇಳಿದ್ರೆ ಗೊತ್ತಾಗ್ತದೆ ಅಂದ್ರು."